ಎಳೆಯ ಕ್ರೀಡಾಪಟುವಿನ ಹಠಾತ್ ಹೃದಯ ಮರಣ: ದೇಹದೊಳಗಿನ ಕಾರಣ, ಊರೊಳಗಿನ ಊಹೆ

ಏನಿದು

ಆರೋಗ್ಯವಾಗಿಯೇ ಕಾಣುತ್ತಿದ್ದ ವ್ಯಕ್ತಿಯೊಬ್ಬ ಹೃದಯದ ತೊಂದರೆಯಿಂದ, ಲಕ್ಷಣ ತೋರಿದ ಒಂದು ಗಂಟೆಯೊಳಗೆ ಸತ್ತರೆ ವೈದ್ಯಶಾಸ್ತ್ರವು ಅದನ್ನು ಹಠಾತ್ ಹೃದಯ ಮರಣ ಎಂದು ಗುರುತಿಸುತ್ತದೆ. ಸಾಯುವ ಹೊತ್ತಿನಲ್ಲಿ ಯಾರೂ ಹತ್ತಿರವಿರದಿದ್ದರೆ, ಹಿಂದಿನ 24 ಗಂಟೆಯೊಳಗೆ ಆತ ಚೆನ್ನಾಗಿದ್ದುದನ್ನು ಕಂಡವರಿರಬೇಕು. ಕ್ರೀಡಾಪಟುಗಳ ವಿಷಯದಲ್ಲಿ ವೈದ್ಯರು 35 ವರ್ಷವನ್ನು ಒಂದು ಗಡಿಯಾಗಿ ಇಟ್ಟುಕೊಂಡಿದ್ದಾರೆ. ಆ ವಯಸ್ಸಿನ ನಂತರದ ಸಾವುಗಳಿಗೆ ಹೃದಯದ ರಕ್ತನಾಳಗಳಲ್ಲಿ ಕಟ್ಟಿಕೊಂಡ ಕೊಬ್ಬೇ ಬಹುಪಾಲು ಕಾರಣ. ಅದಕ್ಕಿಂತ ಮೊದಲಿನ ಸಾವುಗಳ ಮೂಲ ಹೆಚ್ಚಾಗಿ ಹುಟ್ಟಿನಿಂದಲೇ ಬಂದ ದೋಷಗಳಲ್ಲಿದೆ. ಎರಡಕ್ಕೂ ಊರಿನವರು ಕೊಡುವ ಹೆಸರು ಒಂದೇ: ‘ಹಾರ್ಟ್ ಫೇಲ್ ಆಯಿತು.’

ಇಂಥ ಸಾವು ಅಪರೂಪ. ಅಮೆರಿಕದ ಕಾಲೇಜು ಕ್ರೀಡಾಪಟುಗಳ ದೀರ್ಘಕಾಲದ ಲೆಕ್ಕ ನೋಡಿದರೆ ವರ್ಷಕ್ಕೆ ಸುಮಾರು 50,000 ಆಟಗಾರರಲ್ಲಿ ಒಬ್ಬರು ಹೀಗೆ ಸಾಯುತ್ತಾರೆ. ಹುಡುಗಿಯರಿಗಿಂತ ಹುಡುಗರಲ್ಲಿ ಈ ಪ್ರಮಾಣ ಹೆಚ್ಚು. ಅಪರೂಪವಾದ ಕಾರಣಕ್ಕೇ ಇದು ಸುದ್ದಿಯಾಗುತ್ತದೆ. ಬೀಡಿ ಸೇದುವ, ಸಕ್ಕರೆ ಕಾಯಿಲೆಯ ಅರವತ್ತರ ಮನುಷ್ಯ ಎದೆನೋವಿನಿಂದ ಸತ್ತರೆ ಯಾರೂ ಕಾರಣ ಹುಡುಕುವುದಿಲ್ಲ. ಇಪ್ಪತ್ತೈದರ ಕಟ್ಟುಮಸ್ತಾದ ಆಟಗಾರ ಸಾವಿರಾರು ಜನರ ಕಣ್ಣೆದುರು ಕುಸಿದರೆ ಕಾರಣವಿಲ್ಲದೆ ಇರಲು ಮನಸ್ಸು ಒಪ್ಪುವುದಿಲ್ಲ.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ

ದಿನಪತ್ರಿಕೆಗಳಲ್ಲಿ ಈ ಎರಡು ಮಾತುಗಳು ಒಂದರ ಬದಲಿಗೆ ಇನ್ನೊಂದು ಬರುತ್ತವೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳವೊಂದು ಮುಚ್ಚಿಹೋಗಿ, ಆ ಭಾಗದ ಸ್ನಾಯು ಸಾಯತೊಡಗುವುದು ಹೃದಯಾಘಾತ. ಹೃದಯದ ವಿದ್ಯುತ್ ವ್ಯವಸ್ಥೆ ಕೆಟ್ಟು ಬಡಿತವೇ ನಿಂತುಹೋಗುವುದು ಹೃದಯ ಸ್ತಂಭನ. ಹೊಲದ ಪಂಪ್‌ಸೆಟ್‌ನಲ್ಲಿ ಪೈಪಿಗೆ ಕಸ ಸಿಕ್ಕಿಕೊಳ್ಳುವುದಕ್ಕೂ ಮೋಟಾರೇ ಟ್ರಿಪ್ ಆಗುವುದಕ್ಕೂ ಇರುವ ಅಂತರ ಇವೆರಡರ ನಡುವೆ ಇದೆ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಬಹುದು, ಆದರೆ ಮಾಡಲೇಬೇಕೆಂದಿಲ್ಲ. ಹೃದಯಾಘಾತವಾದವರು ಎದೆ ಹಿಡಿದುಕೊಂಡು ನಡೆದೇ ಆಸ್ಪತ್ರೆಗೆ ಬರುವುದುಂಟು. ಹೃದಯ ಸ್ತಂಭನವಾದವರಿಗೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ಸಾಮಾನ್ಯ ಸ್ಥಿತಿಯಲ್ಲಿ ಹೃದಯದ ಬಲಮೇಲ್ಭಾಗದ ಒಂದು ಸಣ್ಣ ಕೇಂದ್ರದಿಂದ ಹೊರಟ ವಿದ್ಯುತ್ ಸಂವೇಗ, ಗೊತ್ತಾದ ದಾರಿಯಲ್ಲಿ ಕೆಳಗಿನ ಹೃತ್ಕುಕ್ಷಿಗಳಿಗೆ ತಲಪಿ ಅವುಗಳನ್ನು ಒಟ್ಟಿಗೆ ಸಂಕುಚಿಸುತ್ತದೆ. ಈ ಕ್ರಮ ತಪ್ಪಿದಾಗ ಹೃತ್ಕುಕ್ಷಿಯ ಸ್ನಾಯುಗಳು ಒಂದೊಂದೂ ತನ್ನ ಪಾಡಿಗೆ ಅದುರತೊಡಗುತ್ತವೆ. ವೈದ್ಯರು ಇದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎನ್ನುತ್ತಾರೆ. ಹೃದಯ ಅಲುಗಾಡುತ್ತಿರುತ್ತದೆ, ರಕ್ತ ಮಾತ್ರ ಮುಂದೆ ಹೋಗುವುದಿಲ್ಲ. ಮಿದುಳಿಗೆ ರಕ್ತವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಶಾಶ್ವತ ಹಾನಿ ಆರಂಭವಾಗುತ್ತದೆ.

ಆರೋಗ್ಯವಂತ ದೇಹದಲ್ಲಿ ಅಡಗಿರುವ ದೋಷಗಳು

ಎಳೆಯ ಕ್ರೀಡಾಪಟುಗಳ ಸಾವಿನ ಹಿಂದಿರುವ ದೋಷಗಳಲ್ಲಿ ಹೆಚ್ಚು ಪರಿಚಿತವಾದದ್ದು ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ, ಅಂದರೆ ಹೃದಯ ಸ್ನಾಯುವಿನ ಅಸಹಜ ದಪ್ಪ. ಇದು ವಂಶವಾಹಿಯ ಮೂಲಕ ಬರುತ್ತದೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ, ಬಹುಪಾಲು ಜನರಿಗೆ ಅದರ ಸುಳಿವೂ ಇಲ್ಲದೆ ಬದುಕು ಕಳೆದುಹೋಗುತ್ತದೆ. ದಪ್ಪಗಾದ ಗೋಡೆಯಲ್ಲಿ ಸ್ನಾಯುವಿನ ಎಳೆಗಳು ಸಾಲಾಗಿರದೆ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುವುದರಿಂದ ವಿದ್ಯುತ್ ಸಂವೇಗ ದಾರಿ ತಪ್ಪುವ ಅಪಾಯವಿರುತ್ತದೆ. 2003ರ ಜೂನ್ 26ರಂದು ಫ್ರಾನ್ಸಿನ ಲಿಯೋನ್‌ನಲ್ಲಿ ನಡೆದ ಕಾನ್ಫೆಡರೇಷನ್ಸ್ ಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋ ಕುಸಿದಾಗ ಆತನಿಗೆ 28 ವರ್ಷ. ಸುತ್ತ ಯಾರೂ ಇರಲಿಲ್ಲ, ಯಾರೂ ಡಿಕ್ಕಿ ಹೊಡೆದಿರಲಿಲ್ಲ. ಬಿಸಿಲು, ದಣಿವು, ಹಿಂದಿನ ದಿನಗಳ ಹೊಟ್ಟೆಬೇನೆ ಎಂದು ಬಗೆಬಗೆಯ ಕಾರಣಗಳು ಹರಿದಾಡಿದವು. ಮೊದಲ ಶವಪರೀಕ್ಷೆ ಸ್ಪಷ್ಟ ಉತ್ತರ ಕೊಡಲಿಲ್ಲ. ಎರಡನೆಯದು ಈ ಕಾಯಿಲೆಯನ್ನು ಗುರುತಿಸಿತು.

ಎರಡನೆಯ ಗುಂಪಿನಲ್ಲಿ ರಚನೆಯ ದೋಷಗಳಿವೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಹುಟ್ಟಿನಿಂದಲೇ ತಪ್ಪು ಜಾಗದಲ್ಲಿ ಹೊರಟು, ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಗಳ ನಡುವೆ ಹಾದುಹೋಗಬಹುದು. ಓಡುವಾಗ ಈ ಎರಡೂ ದೊಡ್ಡ ನಾಳಗಳು ಉಬ್ಬಿ ನಡುವಿನದನ್ನು ಅದುಮುತ್ತವೆ. ಬಲ ಹೃತ್ಕುಕ್ಷಿಯ ಸ್ನಾಯುವಿನ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುವ ಇನ್ನೊಂದು ಕಾಯಿಲೆಯನ್ನು ಇಟಲಿಯ ಈಶಾನ್ಯ ಭಾಗದ ವೈದ್ಯರು ವಿಶೇಷವಾಗಿ ಅಧ್ಯಯನ ಮಾಡಿದರು. ಕಠಿಣ ವ್ಯಾಯಾಮ ಈ ಕಾಯಿಲೆಯನ್ನು ಬೇಗ ಬೆಳೆಸುತ್ತದೆ. ಎತ್ತರದ ದೇಹ, ಉದ್ದ ಬೆರಳುಗಳ ಮಾರ್ಫನ್ ಸಿಂಡ್ರೋಮ್ ಇರುವವರಲ್ಲಿ ಮಹಾಪಧಮನಿಯ ಗೋಡೆ ದುರ್ಬಲವಾಗಿದ್ದು ಒಡೆಯಬಹುದು. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರಲ್ಲಿ ಜಪಾನಿನ ಪಂದ್ಯವೊಂದರಲ್ಲಿ ಹೀಗೆ ತೀರಿಕೊಂಡರು. ವಾಲಿಬಾಲ್‌ಗೆ ವರವಾಗಿದ್ದ ಆಕೆಯ ಎತ್ತರವೇ ಕಾಯಿಲೆಯ ಗುರುತೂ ಆಗಿತ್ತು.

ಮೂರನೆಯ ಗುಂಪು ಅತ್ಯಂತ ಮೋಸದ್ದು. ಲಾಂಗ್ ಕ್ಯೂಟಿ, ಬ್ರುಗಾಡಾ ಮೊದಲಾದ ಈ ದೋಷಗಳಲ್ಲಿ ಹೃದಯದ ಆಕಾರ ಸಂಪೂರ್ಣ ಸಹಜ. ಜೀವಕೋಶದ ಪೊರೆಯಲ್ಲಿ ಉಪ್ಪಿನ ಅಯಾನುಗಳು ಒಳಹೊರಗೆ ಓಡಾಡುವ ಸೂಕ್ಷ್ಮ ದ್ವಾರಗಳಲ್ಲಿ ತೊಂದರೆಯಿರುತ್ತದೆ. ಸತ್ತ ಮೇಲೆ ಹೃದಯವನ್ನು ಕೊಯ್ದು ನೋಡಿದರೂ ಏನೂ ಕಾಣುವುದಿಲ್ಲ. ‘ಪೋಸ್ಟ್ ಮಾರ್ಟಂನಲ್ಲೂ ಏನೂ ಸಿಗಲಿಲ್ಲವಂತೆ’ ಎಂಬ ಮಾತು ಊರಿನಲ್ಲಿ ಬೇರೆಯೇ ಅರ್ಥ ಪಡೆಯುವುದು ಇಲ್ಲಿಂದ. ಏನೂ ಸಿಗಲಿಲ್ಲವೆಂಬುದು ಬಹಳ ಸಲ ಈ ಗುಂಪಿನತ್ತ ಬೊಟ್ಟು ಮಾಡುವ ಸಾಕ್ಷ್ಯವೇ ಹೊರತು ಏನನ್ನೋ ಮುಚ್ಚಿಟ್ಟದ್ದರ ಗುರುತಲ್ಲ.

ಹುಟ್ಟಿನಿಂದ ಬಾರದ ಕಾರಣಗಳೂ ಇವೆ. ವೈರಾಣು ಸೋಂಕಿನಿಂದ ಹೃದಯ ಸ್ನಾಯು ಊದಿಕೊಂಡಿರುವಾಗ ಓಡುವುದು ಅಪಾಯಕಾರಿ. ಜ್ವರ ಬಿಟ್ಟ ಮರುದಿನವೇ ಅಭ್ಯಾಸಕ್ಕೆ ಇಳಿಯಬಾರದೆಂದು ತರಬೇತುದಾರರು ಹೇಳುವುದು ಬರೀ ಸುಸ್ತಿನ ಕಾರಣಕ್ಕಲ್ಲ. ಇನ್ನು ದೋಷವೇ ಇಲ್ಲದ ಹೃದಯವೂ ನಿಲ್ಲಬಹುದು. ಎದೆಯ ಮೇಲೆ, ಹೃದಯದ ನೇರಕ್ಕೆ, ಬಡಿತದ ಆವರ್ತನೆಯ ಒಂದು ನಿರ್ದಿಷ್ಟ ಕ್ಷಣದಲ್ಲಿ ಚೆಂಡಿನ ಅಥವಾ ಮೊಣಕೈಯ ಪೆಟ್ಟು ಬಿದ್ದರೆ ಫಿಬ್ರಿಲೇಷನ್ ಆರಂಭವಾಗುತ್ತದೆ. ಆ ಕ್ಷಣದ ಅವಧಿ ಸೆಕೆಂಡಿನ ನೂರನೆಯ ಒಂದೆರಡು ಭಾಗ ಮಾತ್ರ. ಕಮೋಷಿಯೋ ಕಾರ್ಡಿಸ್ ಎಂಬ ಈ ಸ್ಥಿತಿಯಲ್ಲಿ ಪಕ್ಕೆಲುಬು ಮುರಿದಿರುವುದಿಲ್ಲ, ಹೃದಯಕ್ಕೆ ಗಾಯವೂ ಆಗಿರುವುದಿಲ್ಲ.

ವ್ಯಾಯಾಮದ ಪಾತ್ರ

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಕರ್ನಾಟಕದ ಮನೆಮನೆಯಲ್ಲಿ ಚರ್ಚೆಯಾದ ಪ್ರಶ್ನೆ, ವ್ಯಾಯಾಮವೇ ಸಾವಿಗೆ ಕಾರಣವೇ ಎಂಬುದು. ಅವರು ವೃತ್ತಿಪರ ಕ್ರೀಡಾಪಟುವಲ್ಲ, ನಟ. ಆದರೆ ಅಭಿಮಾನಿಗಳ ಕಣ್ಣಿಗೆ ಅವರ ದೇಹ ಕ್ರೀಡಾಪಟುವಿನದೇ ಆಗಿತ್ತು. ಅಂದು ಬೆಳಗ್ಗೆ ವ್ಯಾಯಾಮ ಮುಗಿಸಿದ ಮೇಲೆ ಅವರಿಗೆ ಅಸ್ವಸ್ಥತೆ ಕಾಣಿಸಿಕೊಂಡಿತ್ತು. ‘ಜಿಮ್ ಮಾಡಿಯೇ ಹೀಗಾಯಿತು’ ಎಂಬ ತೀರ್ಮಾನ ಸಂಜೆಯೊಳಗೆ ಸಿದ್ಧವಾಯಿತು. ಮುಂದಿನ ವಾರಗಳಲ್ಲಿ ಯುವಕರು ಹೃದಯ ಪರೀಕ್ಷೆಗೆಂದು ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಪುನೀತ್ ಅವರನ್ನು ಮೊದಲು ನೋಡಿದ ಕುಟುಂಬ ವೈದ್ಯರ ಮನೆಗೆ ಪೊಲೀಸ್ ಕಾವಲು ಹಾಕಬೇಕಾಯಿತು.

ವೈದ್ಯಶಾಸ್ತ್ರದ ಉತ್ತರ ಎರಡು ಮಾತಿನದು, ಎರಡೂ ಒಟ್ಟಿಗೆ ನಿಜ. ನಿಯಮಿತ ವ್ಯಾಯಾಮ ಮಾಡುವವರಲ್ಲಿ ಹೃದಯ ಕಾಯಿಲೆ ಒಟ್ಟಾರೆ ಕಡಿಮೆ. ಆದರೆ ಒಳಗೆ ದೋಷವಿರುವ ಹೃದಯಕ್ಕೆ ಕಠಿಣ ಶ್ರಮದ ಗಂಟೆ ವಿಶ್ರಾಂತಿಯ ಗಂಟೆಗಿಂತ ಹೆಚ್ಚು ಅಪಾಯದ್ದು. ಶ್ರಮದಿಂದ ಅಡ್ರಿನಲಿನ್ ಏರುತ್ತದೆ, ಬಡಿತ ವೇಗವಾಗುತ್ತದೆ, ರಕ್ತದ ಲವಣಾಂಶ ಏರುಪೇರಾಗುತ್ತದೆ. ಬೆಂಕಿಗೆ ಬೇಕಾದ ಸೌದೆ ಮೊದಲೇ ಒಟ್ಟಿದ್ದಾಗ ಮಾತ್ರ ಇವುಗಳಿಂದ ಅಪಾಯ. ವಾರವೆಲ್ಲ ಕುಳಿತು ಭಾನುವಾರ ಒಮ್ಮೆಲೇ ಮೂರು ಪಂದ್ಯ ಆಡುವವರಿಗೆ ಅಪಾಯ ಹೆಚ್ಚು, ದಿನವೂ ಅಭ್ಯಾಸ ಮಾಡುವವರಿಗೆ ಕಡಿಮೆ. ಮೈಸೂರು ಸೀಮೆಯ ತಲಕಾಡು, ಬನ್ನೂರು, ತಿರುಮಕೂಡಲಿನ ಕಡೆ ಪೊಲೀಸ್ ಮತ್ತು ಸೇನಾ ನೇಮಕಾತಿಗೆಂದು ನಸುಕಿನಲ್ಲಿ ಓಡುವ ಹುಡುಗರಿಗೂ ಇದೇ ಮಾತು ಅನ್ವಯಿಸುತ್ತದೆ.

ಇಲ್ಲಿ ಒಂದು ತೊಡಕಿದೆ. ವರ್ಷಗಟ್ಟಲೆ ಸಾಧನೆ ಮಾಡಿದ ಕ್ರೀಡಾಪಟುವಿನ ಹೃದಯ ತಾನಾಗಿಯೇ ಸ್ವಲ್ಪ ದೊಡ್ಡದಾಗುತ್ತದೆ, ಗೋಡೆ ದಪ್ಪವಾಗುತ್ತದೆ, ವಿಶ್ರಾಂತಿಯಲ್ಲಿ ಬಡಿತ ನಿಮಿಷಕ್ಕೆ ಐವತ್ತಕ್ಕೂ ಕೆಳಗಿಳಿಯಬಹುದು. ಇದು ಕಾಯಿಲೆಯಲ್ಲ, ಹೊಂದಾಣಿಕೆ. ಕಾಯಿಲೆಯ ದಪ್ಪವನ್ನೂ ಸಾಧನೆಯ ದಪ್ಪವನ್ನೂ ಬೇರ್ಪಡಿಸುವುದು ಅನುಭವಿ ಹೃದ್ರೋಗ ತಜ್ಞರಿಗೂ ಸುಲಭವಲ್ಲ. ಕೆಲವು ತಿಂಗಳು ಅಭ್ಯಾಸ ನಿಲ್ಲಿಸಿ, ದಪ್ಪ ಇಳಿಯುತ್ತದೆಯೇ ಎಂದು ನೋಡುವ ಪದ್ಧತಿಯೂ ಇದೆ. ಆಯ್ಕೆ ಪಂದ್ಯದ ಹೊಸ್ತಿಲಲ್ಲಿರುವ ಆಟಗಾರನಿಗೆ ಈ ಸಲಹೆ ಎಷ್ಟು ಕಹಿಯೆಂದು ಹೇಳಬೇಕಿಲ್ಲ.

ಕಂಠೀರವ ಕ್ರೀಡಾಂಗಣ, 2004

ಕರ್ನಾಟಕದ ನೆಲದಲ್ಲಿ ಇಂಥ ಸಾವು ಮತ್ತು ಅದರ ಸುತ್ತಲಿನ ಊಹೆ ಎರಡೂ ಬಯಲಿಗೆ ಬಂದ ದಿನ 2004ರ ಡಿಸೆಂಬರ್ 5. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್. ಗೋವಾದ ಡೆಂಪೊ ತಂಡದ ಎದುರಾಳಿ ಕೋಲ್ಕತ್ತದ ಮೋಹನ್ ಬಾಗಾನ್. ಡೆಂಪೊ ಪರ ಆಡುತ್ತಿದ್ದ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್‌ಗೆ 25 ವರ್ಷ. ಪಂದ್ಯದ ಎರಡೂ ಗೋಲುಗಳು ಆತನವೇ. ಎರಡನೆಯ ಗೋಲು ಹೊಡೆಯುವಾಗ ಮುನ್ನುಗ್ಗಿ ಬಂದ ಗೋಲ್‌ಕೀಪರ್ ಸುಬ್ರತಾ ಪಾಲ್ ಆತನಿಗೆ ಡಿಕ್ಕಿಯಾದರು. ಜೂನಿಯರ್ ಬಿದ್ದಲ್ಲಿಂದ ಏಳಲಿಲ್ಲ. ಆಸ್ಪತ್ರೆಗೆ ಸಾಗಿಸಿದರೂ ಜೀವ ಉಳಿಯಲಿಲ್ಲ. ಹೃದಯ ಸ್ತಂಭನ ಎಂಬುದು ದಾಖಲಾದ ಕಾರಣ.

ದೂರದರ್ಶನದಲ್ಲಿ ಆ ಡಿಕ್ಕಿಯನ್ನು ಮತ್ತೆ ಮತ್ತೆ ತೋರಿಸಲಾಯಿತು. ನೋಡಿದವರಿಗೆ ಕೊಲೆಗಾರ ಸಿಕ್ಕಿದ್ದ. ಆಗಿನ್ನೂ ಹದಿಹರೆಯದ ಹುಡುಗನಾಗಿದ್ದ ಸುಬ್ರತಾ ಪಾಲ್ ಮೇಲೆ ನಿಂದೆಯ ಮಳೆ ಸುರಿಯಿತು, ಫುಟ್‌ಬಾಲ್ ಒಕ್ಕೂಟ ಎರಡು ತಿಂಗಳ ನಿಷೇಧವನ್ನೂ ಹೇರಿತು. ಜೂನಿಯರ್ ಧರಿಸುತ್ತಿದ್ದ 10ನೆಯ ಸಂಖ್ಯೆಯ ಅಂಗಿಯನ್ನು ಡೆಂಪೊ ಮುಂದೆ ಯಾರಿಗೂ ಕೊಡಲಿಲ್ಲ.

ಈ ಪ್ರಕರಣವನ್ನು ಇಂದು ತಣ್ಣಗೆ ನೋಡಿದರೆ ಮೂರು ಪ್ರಶ್ನೆಗಳು ಬೇರೆಬೇರೆಯಾಗಿ ಕಾಣುತ್ತವೆ. ಆ ಡಿಕ್ಕಿ ಆಟದ ನಿಯಮ ಮೀರಿತ್ತೇ ಎಂಬುದು ರೆಫರಿಯ ಪ್ರಶ್ನೆ. ಹೃದಯ ನಿಂತದ್ದೇಕೆ ಎಂಬುದು ವೈದ್ಯರ ಪ್ರಶ್ನೆ. ನಿಂತ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಲು ಮೈದಾನದಲ್ಲಿ ಏನಿತ್ತು ಎಂಬುದು ಸಂಘಟಕರ ಪ್ರಶ್ನೆ. ಜನ ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೂ ಹೊಂದಿಸಿಬಿಟ್ಟರು. ಎದೆಗೆ ಬಿದ್ದ ಪೆಟ್ಟು ಹೃದಯವನ್ನು ನಿಲ್ಲಿಸಬಲ್ಲದು; ಒಳಗಿನ ಕಾಯಿಲೆಯೊಂದು ಅದೇ ಹೊತ್ತಿಗೆ ಕೆರಳಿರಲೂಬಹುದು. ವಿಡಿಯೊ ಈ ಎರಡನ್ನು ಬೇರ್ಪಡಿಸಲಾರದು. ಅಲ್ಲದೆ ‘ಹೃದಯ ಸ್ತಂಭನದಿಂದ ಸಾವು’ ಎಂಬ ವಾಕ್ಯವೇ ಅಪೂರ್ಣ. ಅದು ಸಾವಿನ ಬಗೆಯನ್ನು ಹೇಳುತ್ತದೆ, ಕಾರಣವನ್ನಲ್ಲ. ನಮ್ಮ ಮರಣ ಪ್ರಮಾಣಪತ್ರಗಳ ಬಹುಪಾಲು ಗೊಂದಲ ಈ ಒಂದು ವಾಕ್ಯದಲ್ಲಿದೆ.

ಮೂರನೆಯ ಪ್ರಶ್ನೆ ಕೇಳಿದವರು ಕಡಿಮೆ, ಕೇಳಿದವರು ಸರಿಯಾಗಿ ಕೇಳಿದರು. ರಾಷ್ಟ್ರೀಯ ಮಟ್ಟದ ಫೈನಲ್ ನಡೆಯುವ ಮೈದಾನದಲ್ಲಿ ತುರ್ತು ಚಿಕಿತ್ಸೆಯ ಏರ್ಪಾಡು ಸಾಲದಾಗಿತ್ತೆಂಬ ಟೀಕೆ ಆಗ ದೇಶದಾದ್ಯಂತ ಬಂದಿತು. ಸುಬ್ರತಾ ಪಾಲ್ ಮುಂದೆ ಭಾರತ ತಂಡದ ಗೋಲ್‌ಕೀಪರ್ ಆದರು, 2011ರ ಏಷ್ಯನ್ ಕಪ್‌ನಲ್ಲಿ ಹೆಸರು ಮಾಡಿದರು, ಅರ್ಜುನ ಪ್ರಶಸ್ತಿ ಪಡೆದರು. ಅವರ ಬಗೆಗಿನ ಯಾವುದೇ ಲೇಖನ ಇವತ್ತಿಗೂ ಆ ಡಿಸೆಂಬರ್ ಸಂಜೆಯನ್ನು ದಾಟಿಯೇ ಹೋಗಬೇಕು.

ಹತ್ತೊಂಬತ್ತು ವರ್ಷಗಳ ನಂತರ, 2024ರ ಫೆಬ್ರುವರಿ 22ರಂದು, ಬೆಂಗಳೂರಿನಲ್ಲೇ ಕರ್ನಾಟಕದ ಕ್ರಿಕೆಟಿಗ ಕೆ. ಹೊಯ್ಸಳ ದಕ್ಷಿಣ ವಲಯದ ಟೂರ್ನಿಯೊಂದರ ಪಂದ್ಯ ಮುಗಿಸಿದ ಬೆನ್ನಲ್ಲೇ ಕುಸಿದು ತೀರಿಕೊಂಡರು. ಅವರಿಗೆ 34 ವರ್ಷ. ಅಲ್ಲಿ ಡಿಕ್ಕಿಯಿರಲಿಲ್ಲ, ಎದುರಾಳಿಯ ಮೇಲೆ ಬೆರಳು ತೋರಿಸುವಂತಿರಲಿಲ್ಲ. ಅಷ್ಟರಲ್ಲಿ ಜನರ ಬಾಯಿಗೆ ಬೇರೊಂದು ಕಾರಣ ಬಂದಾಗಿತ್ತು.

ಲಸಿಕೆಯ ಮಾತು

ಕೋವಿಡ್ ನಂತರದ ವರ್ಷಗಳಲ್ಲಿ ಎಳೆಯರ ಪ್ರತಿ ಹಠಾತ್ ಸಾವಿಗೂ ‘ಲಸಿಕೆ ಹಾಕಿಸಿಕೊಂಡಿದ್ದನಂತೆ’ ಎಂಬ ಬಾಲ ಅಂಟಿಕೊಂಡಿತು. ದೇಶದ ಬಹುಪಾಲು ವಯಸ್ಕರು ಲಸಿಕೆ ಪಡೆದಿರುವಾಗ ಸತ್ತವರಲ್ಲಿ ಬಹುಪಾಲು ಜನರೂ ಅದನ್ನು ಪಡೆದಿರುತ್ತಾರೆ. ಅಷ್ಟರಿಂದ ಏನೂ ಸಾಬೀತಾಗುವುದಿಲ್ಲ. ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಕೋಪನ್‌ಹೇಗನ್‌ನ ಮೈದಾನದಲ್ಲಿ ಬಿದ್ದಾಗಲೂ ಈ ಮಾತು ಹಬ್ಬಿತು. ಆತ ಲಸಿಕೆಯನ್ನೇ ಪಡೆದಿರಲಿಲ್ಲವೆಂದು ಆತನ ಕ್ಲಬ್ ತಿಳಿಸಬೇಕಾಯಿತು. 2023ರ ಜನವರಿಯಲ್ಲಿ ಎದೆಗೆ ಪೆಟ್ಟು ಬಿದ್ದು ಕುಸಿದ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ವಿಷಯದಲ್ಲೂ ಅದೇ ಆಯಿತು. ಬದುಕುಳಿದ ಆತನೇ ಕೆಲವು ತಿಂಗಳ ನಂತರ ತನಗೆ ಆದದ್ದು ಕಮೋಷಿಯೋ ಕಾರ್ಡಿಸ್ ಎಂದು ಹೇಳಿದ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿತು. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಕಾರಣ ತಿಳಿಯದೆ ಹಠಾತ್ತನೆ ಸತ್ತ 18ರಿಂದ 45 ವರ್ಷದ 729 ಜನರ ವಿವರಗಳನ್ನು, ಅದೇ ವಯಸ್ಸಿನ, ಅದೇ ನೆರೆಹೊರೆಯ 2,916 ಜನರ ವಿವರಗಳೊಂದಿಗೆ ಹೋಲಿಸಲಾಯಿತು. ಲಸಿಕೆ ಸಾವಿನ ಅಪಾಯ ಹೆಚ್ಚಿಸಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯದೊಂದಿಗೆ ನಂಟು ಕಂಡದ್ದು ಬೇರೆ ಸಂಗತಿಗಳಿಗೆ: ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಿಂದೆ ಹಠಾತ್ ಸಾವು ಸಂಭವಿಸಿದ್ದು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿ ಕುಡಿದದ್ದು, ಮಾದಕ ವಸ್ತು ಸೇವಿಸಿದ್ದು, ಹಾಗೂ ಅದೇ ಅವಧಿಯಲ್ಲಿ ಅತಿ ಕಠಿಣ ದೈಹಿಕ ಶ್ರಮ ಮಾಡಿದ್ದು. ಕುಟುಂಬದ ಇತಿಹಾಸ ಈ ಪಟ್ಟಿಯಲ್ಲಿರುವುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಇಷ್ಟಾದರೂ 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಳೆಯ ಊಹೆಯನ್ನು ಎಬ್ಬಿಸಿತು. ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂದು ಸುದ್ದಿವಾಹಿನಿಗಳು ದಿನವೂ ಲೆಕ್ಕ ಏರಿಸುತ್ತ ಹೋದವು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಿಂದಲೇ ಜನ ಕಿಕ್ಕಿರಿದರು. ನಿಜವಾದ ರೋಗಿಗಳು ಆ ಗುಂಪಿನ ನಡುವೆ ದಾರಿ ಮಾಡಿಕೊಳ್ಳಬೇಕಾಯಿತು. ಮುಖ್ಯಮಂತ್ರಿಗಳೇ ಲಸಿಕೆಯ ಕಡೆ ಸಂಶಯದ ಮಾತಾಡಿದರು, ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಅಲ್ಲಗಳೆಯಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಪಟ್ಟವೇ ಆಗಿರಲಿಲ್ಲ. ವಿದ್ಯುತ್ ಆಘಾತ ಮತ್ತು ರಸ್ತೆ ಅಪಘಾತದ ಸಾವುಗಳೂ ಲೆಕ್ಕಕ್ಕೆ ಸೇರಿಹೋಗಿದ್ದವು. ಉಳಿದವರಲ್ಲಿ ಅನೇಕರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನ ಇದ್ದವು. ಲಸಿಕೆಯ ನಂಟು ಕಾಣಲಿಲ್ಲ.

ತಲಕಾಡಿನ ಲೆಕ್ಕ

ಬಿಡಿ ಘಟನೆಗಳನ್ನು ಒಂದು ಕಾರಣದ ದಾರದಲ್ಲಿ ಪೋಣಿಸುವುದು ಈ ಕಾಲದ ಚಟ ಮಾತ್ರವಲ್ಲ. ಮೈಸೂರು ಸೀಮೆಯಲ್ಲಿ ಇದರ ಹಳೆಯ ಉದಾಹರಣೆ ತಲಕಾಡಿನ ಶಾಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ಒಡವೆಗಾಗಿ ಬೆನ್ನಟ್ಟಿದ ಸೈನಿಕರಿಂದ ತಪ್ಪಿಸಿಕೊಳ್ಳಲು ಅಲ್ಲಿನ ವಿಜಯನಗರ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ಕಾವೇರಿಗೆ ಹಾರಿದಳೆಂದೂ, ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಸಂತಾನವಿಲ್ಲದಾಗಲಿ ಎಂದು ಶಪಿಸಿದಳೆಂದೂ ಐತಿಹ್ಯ. ಮರಳು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಉಳಿದದ್ದೂ ನಿಜವೆನಿಸುತ್ತದೆ.

ಕಾದಂಬರಿಕಾರರಾಗಿಯೂ ಕನ್ನಡಿಗರಿಗೆ ಪರಿಚಿತರಾದ ವಿಜ್ಞಾನಿ ಕೆ.ಎನ್. ಗಣೇಶಯ್ಯ ತಲಕಾಡಿನ ಮರಳನ್ನು ಪರಿಸರದ ದುರಂತವೆಂದು ವಿವರಿಸಿದ್ದಾರೆ. ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಾಧವಮಂತ್ರಿ ಕಟ್ಟಿಸಿದ ಅಣೆಕಟ್ಟೆಯಿಂದ ನದಿಯ ಹರಿವು ಬದಲಾಗಿ, ತಿರುವಿನಲ್ಲಿ ಮರಳು ಬಯಲಾಯಿತು. ಗಾಳಿ ಅದನ್ನು ಊರಿನ ಮೇಲೆ ಹೊತ್ತು ತಂದಿತು. ಅಣೆಕಟ್ಟೆ ಶಾಪಕ್ಕಿಂತ ಎರಡು ಶತಮಾನಕ್ಕೂ ಹಿಂದಿನದು. ಇನ್ನು ಸಂತಾನದ ಮಾತು. ದತ್ತು ಪಡೆದ ಒಡೆಯರನ್ನು ಎಲ್ಲರೂ ಎಣಿಸುತ್ತಾರೆ. ಚಾಮರಾಜೇಂದ್ರ ಒಡೆಯರ ಮಗ ನಾಲ್ವಡಿ ಕೃಷ್ಣರಾಜ ಒಡೆಯರು, ಜಯಚಾಮರಾಜೇಂದ್ರ ಒಡೆಯರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಎಂಬುದನ್ನು ಆ ಹೊತ್ತಿಗೆ ಯಾರೂ ನೆನೆಯುವುದಿಲ್ಲ. ಹೊಂದುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಹೊಂದದ್ದನ್ನು ಬಿಡುವ ಈ ಬಗೆಯೇ ಹಾಸನದ ಲೆಕ್ಕದಲ್ಲೂ ಕೆಲಸ ಮಾಡಿತು. ಒಂದು ವ್ಯತ್ಯಾಸವಿದೆ: ಶಾಪ ನಂಬಿದ್ದರಿಂದ ಯಾರ ಚಿಕಿತ್ಸೆಯೂ ತಪ್ಪಲಿಲ್ಲ.

ಮರಣೋತ್ತರ ಪರೀಕ್ಷೆ ಮತ್ತು ಒಡಹುಟ್ಟಿದವರು

ಊಹೆಯ ನಿಜವಾದ ಹಾನಿ ಇಲ್ಲಿದೆ. ಮೇಲೆ ಹೇಳಿದ ದೋಷಗಳಲ್ಲಿ ಅನೇಕವು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ಸಂಭವ ಅರ್ಧದಷ್ಟು. ಸತ್ತ ಹುಡುಗನಿಗೆ ತಂಗಿಯೋ ತಮ್ಮನೋ ಇದ್ದರೆ ಅವರಲ್ಲೂ ಅದೇ ದೋಷವಿರಬಹುದು. ಗುರುತಿಸಿದರೆ ಔಷಧಿಯಿದೆ, ಅಪಾಯ ಹೆಚ್ಚಿದ್ದರೆ ಎದೆಯಲ್ಲಿ ಅಳವಡಿಸುವ ಸಾಧನವಿದೆ. ‘ಜಿಮ್‌ನಿಂದ ಸತ್ತ’, ‘ಲಸಿಕೆಯಿಂದ ಸತ್ತ’, ‘ದೃಷ್ಟಿ ತಗುಲಿತು’ ಎಂದು ತೀರ್ಮಾನವಾದ ಮನೆಯಲ್ಲಿ ಆ ತಂಗಿಯ ಇಸಿಜಿ ಯಾರೂ ಮಾಡಿಸುವುದಿಲ್ಲ. ಆಕೆಗೆ ಆಗಾಗ ಬರುವ ತಲೆಸುತ್ತನ್ನು ರಕ್ತಹೀನತೆ ಎಂದುಕೊಳ್ಳುತ್ತಾರೆ.

ನಮ್ಮ ಕಡೆ ಮರಣೋತ್ತರ ಪರೀಕ್ಷೆಗೆ ಮನೆಯವರು ಸುಲಭವಾಗಿ ಒಪ್ಪುವುದಿಲ್ಲ. ಎಳೆಯ ದೇಹವನ್ನು ಕೊಯ್ಯಿಸುವ ಸಂಕಟ, ಪೊಲೀಸ್ ದೂರು, ಅಂತ್ಯಕ್ರಿಯೆಗೆ ಆಗುವ ವಿಳಂಬ ಎಲ್ಲವೂ ಅಡ್ಡ ಬರುತ್ತವೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೂ ಹೃದಯವನ್ನು ತಜ್ಞರು ಪರೀಕ್ಷಿಸಿ, ಸ್ವಲ್ಪ ರಕ್ತವನ್ನು ವಂಶವಾಹಿ ಪರೀಕ್ಷೆಗೆ ಎತ್ತಿಟ್ಟರೆ ಉಳಿದವರ ಪ್ರಶ್ನೆಗೆ ಉತ್ತರ ಸಿಗುವ ಸಾಧ್ಯತೆ ಇದೆ. ಹಾಸನದ ವರದಿಯ ನಂತರ ಕರ್ನಾಟಕ ಸರ್ಕಾರ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡುವ ನಿರ್ಧಾರ ಪ್ರಕಟಿಸಿದ್ದು ಈ ದಿಕ್ಕಿನ ಹೆಜ್ಜೆ.

ಮುಂಚಿನ ತಪಾಸಣೆ

ಇಟಲಿಯಲ್ಲಿ 1982ರಿಂದ ಸ್ಪರ್ಧಾತ್ಮಕ ಕ್ರೀಡೆಗೆ ಇಳಿಯುವವರಿಗೆ ಇಸಿಜಿ ಸಹಿತ ತಪಾಸಣೆ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತದಲ್ಲಿ ವರ್ಷಕ್ಕೆ ಲಕ್ಷಕ್ಕೆ 3.6ರಷ್ಟಿದ್ದ ಕ್ರೀಡಾಪಟುಗಳ ಹಠಾತ್ ಸಾವು ಎರಡು ದಶಕಗಳಲ್ಲಿ 0.4ಕ್ಕೆ ಇಳಿಯಿತು. ಇಸ್ರೇಲ್ ಇಂಥದೇ ಕಾನೂನು ತಂದಿತು. ಅಲ್ಲಿ ಅಂಥ ಇಳಿಕೆ ಕಾಣಲಿಲ್ಲ. ವಾದ ಇನ್ನೂ ಮುಗಿದಿಲ್ಲ. ಆರೋಗ್ಯವಂತರನ್ನೂ ಶಂಕೆಯಿಂದ ಆಟದಿಂದ ಹೊರಗಿಡುವ ಅಪಾಯ ತಪಾಸಣೆಯಲ್ಲಿದೆ, ಕೆಲವು ದೋಷಗಳು ಇಸಿಜಿಯಲ್ಲಿ ಸಿಗುವುದೂ ಇಲ್ಲ.

ಖರ್ಚಿಲ್ಲದ ತಪಾಸಣೆಯೊಂದಿದೆ, ಅದು ಕೇಳುವುದು. ಓಡುವಾಗ ಎಂದಾದರೂ ಪ್ರಜ್ಞೆ ತಪ್ಪಿದೆಯೇ? ಶ್ರಮದ ನಡುವೆ ಎದೆನೋವು, ಎದೆಬಡಿತ ಬಂದಿದೆಯೇ? ಮನೆಯಲ್ಲಿ ಯಾರಾದರೂ ಐವತ್ತರೊಳಗೆ ಹಠಾತ್ತನೆ, ಅಥವಾ ಈಜುವಾಗ ಕಾರಣವಿಲ್ಲದೆ ಮುಳುಗಿ ಸತ್ತಿದ್ದಾರೆಯೇ? ಓಡಿದ ಮೇಲೆ ನಿಂತಾಗ ಬರುವ ತಲೆಸುತ್ತಿಗಿಂತ, ಓಡುತ್ತಿರುವಾಗಲೇ ಪ್ರಜ್ಞೆ ತಪ್ಪುವುದು ಗಂಭೀರ. ಒಂದಕ್ಕೆ ಹೌದೆಂದರೂ ಇಸಿಜಿ ಮತ್ತು ಎಕೋ ಆಗುವವರೆಗೆ ಅಂಕಣಕ್ಕೆ ಇಳಿಸಬಾರದು. ಕಬಡ್ಡಿ ಟೂರ್ನಿಯ ನೋಂದಣಿ ಚೀಟಿಯಲ್ಲಿ ಈ ಮೂರು ಸಾಲು ಅಚ್ಚು ಹಾಕಿಸಲು ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ.

ಮೊದಲ ನಿಮಿಷಗಳು

ಮೈದಾನದಲ್ಲಿ ಪೆಟ್ಟಿಲ್ಲದೆ ಬಿದ್ದು, ಕರೆದರೆ ಓಗೊಡದ ಆಟಗಾರನಿಗೆ ಹೃದಯ ಸ್ತಂಭನವೇ ಆಗಿದೆಯೆಂದು ಭಾವಿಸಿ ನಡೆದುಕೊಳ್ಳಬೇಕು. ಮೊದಲ ನಿಮಿಷದಲ್ಲಿ ಕೈಕಾಲು ಅದುರುವುದು, ಗೊರಗೊರ ಉಸಿರೆಳೆಯುವುದು ಸಾಮಾನ್ಯ. ಹಳ್ಳಿಗಳಲ್ಲಿ ಅದನ್ನು ಮೂರ್ಛೆರೋಗ ಎಂದುಕೊಂಡು ಕೈಗೆ ಕಬ್ಬಿಣದ ಬೀಗದಕೈ ಹಿಡಿಸುತ್ತಾರೆ, ಈರುಳ್ಳಿ ಮೂಸಿಸುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ. ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಉಳಿದೆರಡರಿಂದ ಸಮಯ ಹೋಗುತ್ತದೆ.

ಮಾಡಬೇಕಾದದ್ದು ಸಿಪಿಆರ್. ಎದೆಯ ನಡುವೆ ಅಂಗೈಯ ಹಿಮ್ಮಡಿಯಿಟ್ಟು, ಮೊಣಕೈ ಮಡಿಸದೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಒಬ್ಬರು ಒತ್ತುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು, ಏಕೆಂದರೆ ಬಲಿಷ್ಠರೂ ಅಷ್ಟರಲ್ಲಿ ಸೋಲುತ್ತಾರೆ. ಒತ್ತುವುದರಿಂದ ಮಿದುಳಿಗೆ ಸ್ವಲ್ಪ ರಕ್ತ ಹೋಗುತ್ತದೆ. ಫಿಬ್ರಿಲೇಷನ್ ನಿಲ್ಲಿಸಲು ವಿದ್ಯುತ್ ಆಘಾತವೇ ಬೇಕು. ಒತ್ತುವವರಿಲ್ಲದಿದ್ದರೆ, ಆಘಾತ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಂಭವ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಎರಿಕ್ಸನ್ ಬದುಕಿದ್ದು, ಎಂಟು ತಿಂಗಳಲ್ಲಿ ಮತ್ತೆ ಆಡಿದ್ದು ಈ ಎರಡು ಕೆಲಸ ಮೈದಾನದಲ್ಲೇ ಆದದ್ದರಿಂದ.

ತಲಕಾಡಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಆಂಬುಲೆನ್ಸ್ ತಕ್ಷಣ ಸಿಕ್ಕರೂ ಈ ದೂರವನ್ನು ಹತ್ತು ನಿಮಿಷದಲ್ಲಿ ಕ್ರಮಿಸಲಾಗದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳುಹಿಸಿ, ಹೃದಯಾಘಾತಕ್ಕೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡಲು ರೂಪುಗೊಂಡದ್ದು. ಅದು ನಡೆದು ಬರುವ ರೋಗಿಗೆ ವರ. ಮೈದಾನದಲ್ಲಿ ಬಡಿತ ನಿಂತವನಿಗೆ ಬೇಕಾದದ್ದು ಯೋಜನೆಯ ಇನ್ನೊಂದು ಭಾಗ: ಜನ ಸೇರುವ ಸ್ಥಳಗಳಲ್ಲಿ ಎಇಡಿ ಯಂತ್ರ ಇಡುವುದು. ಕೈಚೀಲದಷ್ಟು ದೊಡ್ಡದಾದ ಈ ಯಂತ್ರದ ಎರಡು ಪಟ್ಟಿಗಳನ್ನು ಬೆವರು ಒರೆಸಿದ ಎದೆಗೆ ಅಂಟಿಸಿದರೆ, ಅದು ತಾನೇ ಬಡಿತವನ್ನು ಓದಿ ಮುಂದಿನ ಹೆಜ್ಜೆಯನ್ನು ಧ್ವನಿಯಲ್ಲಿ ಹೇಳುತ್ತದೆ. ಆಘಾತದ ಅಗತ್ಯವಿಲ್ಲದ ಹೃದಯಕ್ಕೆ, ಗುಂಡಿ ಒತ್ತಿದರೂ ಅದು ಆಘಾತ ಕೊಡುವುದಿಲ್ಲ.